ಉಪ್ಪು ಸವೆಯುವುದಿಲ್ಲ



ಮನುಷ್ಯನನ್ನು ಕೆಡಿಸುವುದು ಅವನದೇ ಕರ್ಮ ಎನ್ನುವುದಕ್ಕೆ ಧಮ್ಮಪದದ 240ನೇ ಗಾಥೆಯಲ್ಲಿ ಭಗವಾನರು ಕಬ್ಬಿಣದ ತುಕ್ಕಿನ ಹೋಲಿಕೆ ಕೊಡುತ್ತಾರೆ. ಹಾಗಾದರೆ ಬೇರೆಯವರು ಆಡುವ ಚುಚ್ಚುಮಾತಿಗೆ ಇದರಲ್ಲಿ ಪಾಲಿಲ್ಲವೇ?

ಕರಾವಳಿಯ ಕಟ್ಟಡಗಳನ್ನು ನೋಡಿ. ಕಾಂಕ್ರೀಟಿನೊಳಗಿನ ಕಂಬಿಗೆ ಸುಮ್ಮನೆ ತುಕ್ಕು ಹಿಡಿಯುವುದಿಲ್ಲ. ಸಿಮೆಂಟಿನ ಕ್ಷಾರಗುಣದಿಂದ ಅದರ ಮೈಮೇಲೆ ಆಕ್ಸೈಡಿನ ಪೊರೆ ಕಟ್ಟಿರುತ್ತದೆ. ದಪ್ಪ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನ ಆಸುಪಾಸು. ಅಷ್ಟೇ ಸಾಕು, ಕಂಬಿ ಸುರಕ್ಷಿತ.

ಕಡಲಗಾಳಿಯ ಉಪ್ಪು ಒಳಗಿಳಿದಾಗ ಅದರ ಕ್ಲೋರೈಡ್ ಅಯಾನುಗಳು ಇಡೀ ಪೊರೆಯನ್ನು ಕೀಳುವುದಿಲ್ಲ. ದುರ್ಬಲವಾದ ಒಂದು ಚುಕ್ಕೆಯಲ್ಲಿ ಒಡೆಯುತ್ತವೆ. ಅಲ್ಲಿ ಗುಳಿ ಬೀಳುತ್ತದೆ. ಗುಳಿ ಆಮ್ಲೀಯವಾಗಿ ಇನ್ನಷ್ಟು ಕ್ಲೋರೈಡನ್ನು ಸೆಳೆದುಕೊಳ್ಳುತ್ತದೆ. ವಿಶೇಷವೆಂದರೆ ಈ ಕೆಲಸದಲ್ಲಿ ಕ್ಲೋರೈಡ್ ಖರ್ಚಾಗುವುದಿಲ್ಲ. ಕಬ್ಬಿಣವನ್ನು ಕರಗಿಸುತ್ತದೆ, ಬಿಡುಗಡೆಯಾಗುತ್ತದೆ, ಮತ್ತೆ ಅದೇ ಕೆಲಸಕ್ಕೆ ನಿಲ್ಲುತ್ತದೆ. ಸವೆಯುವುದು ಕಬ್ಬಿಣ.

ಮನಸ್ಸಿಗೆ ತಾಗಿದ ಮಾತೂ ಹೀಗೆಯೇ. ಆಡಿದವರು ಅಂದೇ ಮರೆತಿರುತ್ತಾರೆ. ನಾವು ಹತ್ತು ವರ್ಷ ಮೆಲುಕು ಹಾಕುತ್ತೇವೆ. ಮಾತು ಹೊರಗಿನಿಂದ ಬಂತು ನಿಜ, ಆದರೆ ಮೆಲುಕು ನಮ್ಮದು. ಪಾಲಾದ ದಿನ ಆಡಿದ ಒಂದು ಮಾತಿಗಾಗಿ ತಾಯಿಯ ಮಣ್ಣಿನಲ್ಲೂ ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರು ಪ್ರತಿ ಊರಲ್ಲೂ ಇದ್ದಾರೆ.

ಹಾಗೆಂದು ಅವಮಾನವನ್ನು ನುಂಗಿಕೊಳ್ಳಿ ಎಂದು ಧಮ್ಮ ಹೇಳುವುದಿಲ್ಲ. 1927ರಲ್ಲಿ ಮಹಾಡಿನ ಕೆರೆಯ ನೀರು ಮುಟ್ಟಿದ್ದಕ್ಕೆ ನಮ್ಮ ಜನರ ಮೇಲೆ ಹಲ್ಲೆಯಾದಾಗ ಬಾಬಾಸಾಹೇಬರು ತಿರುಗಿ ಹೊಡೆಯದಂತೆ ತಡೆದರು. ಆದರೆ ಹಕ್ಕನ್ನು ಬಿಡಲಿಲ್ಲ. 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆಲ್ಲುವವರೆಗೂ ಮೊಕದ್ದಮೆ ನಡೆಸಿದರು. ಅವರಿಗೂ ಹತ್ತು ವರ್ಷವೇ ಹಿಡಿಯಿತು, ಆದರೆ ಅದು ಮೆಲುಕು ಹಾಕಿದ ಹತ್ತು ವರ್ಷವಲ್ಲ.

ತುಕ್ಕಿನ ಮೇಲೆ ಹೊಸ ಗಾರೆ ಬಳಿದರೆ ಮತ್ತೆ ಬಿರುಕು ಬಿಡುತ್ತದೆ. ಉಪ್ಪು ಹೊಕ್ಕ ಕಾಂಕ್ರೀಟನ್ನು ಕೆತ್ತಿ ತೆಗೆದು, ಕಂಬಿಯನ್ನು ಹೊಳೆಯುವ ತನಕ ಉಜ್ಜಬೇಕು. ಸಮ್ಮಾ ವಾಯಾಮದಲ್ಲಿ ಕಲಿತದ್ದೂ ಇದೇ: ಹುಟ್ಟದ ಅಕುಶಲ ಹುಟ್ಟದಂತೆ ಕಾಯುವುದು, ಹುಟ್ಟಿದ್ದನ್ನು ಬಿಡುವುದು.

ಇಂದು ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಕುಳಿತು, ಒಳಗೆ ಉಳಿದಿರುವ ಒಂದೇ ಒಂದು ಹಳೆಯ ಮಾತನ್ನು ಗುರುತಿಸಿ. ಅದಕ್ಕೆ ಉತ್ತರ ಹುಡುಕಬೇಡಿ, ಸುಮ್ಮನೆ ನೋಡಿ. ಆಡಿದವರಿಗೂ ಮೆತ್ತಾ ಭಾವಿಸಿ. ಅವರು ಒಡಹುಟ್ಟಿದವರಾಗಿದ್ದರೆ ನಾಳೆ ಒಂದು ಫೋನ್ ಮಾಡಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.