ತುರ್ತು ಚಿಕಿತ್ಸೆಯ ಪಾಳಿಯಲ್ಲಿ ಪಂಕ್ತಿಭೇದವುಂಟೆ?

ಮಠದ ದಾಸೋಹದಲ್ಲಿ ಪಂಕ್ತಿಭೇದವೆಂಬುದಿಲ್ಲ. ಸಾಹುಕಾರನಾಗಲಿ ಕೂಲಿಕಾರನಾಗಲಿ ಬಂದ ಕ್ರಮದಲ್ಲಿ ಕುಳಿತು, ಒಂದೇ ಬಗೆಯ ಪ್ರಸಾದವನ್ನು ಸ್ವೀಕರಿಸಿ ಏಳುವರು. ಈ ಸಂಸ್ಕಾರದಲ್ಲಿ ಬೆಳೆದ ಭಕ್ತನು ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋದಾಗ ಅವನ ಮನಸ್ಸಿಗೆ ಒಂದು ಶಂಕೆ ತಗಲುವುದು ಸಹಜ. ಅಲ್ಲಿ ಮೊದಲು ಬಂದವನು ಕುಳಿತೇ ಇರುತ್ತಾನೆ. ಆಮೇಲೆ ಬಂದವನನ್ನು ಒಳಗೆ ಒಯ್ಯುತ್ತಾರೆ. ಕೈ ಮುರಿದುಕೊಂಡು ನರಳುವವನಿಗೆ ತಡೆಯಲು ಹೇಳಿ, ನರಳುವ ಶಕ್ತಿಯೂ ಇಲ್ಲದೆ ಮಲಗಿದವನ ಸುತ್ತ ನಾಲ್ವರು ನಿಲ್ಲುತ್ತಾರೆ. ಸಮತ್ವವನ್ನು ಸಾರಿದ ಶರಣರ ಮಾರ್ಗದಲ್ಲಿ ನಡೆಯುವವರು ಇದನ್ನು ಹೇಗೆ ಒಪ್ಪಬೇಕು? ಇದು ಪಂಕ್ತಿಭೇದವಲ್ಲವೆ?

ಪ್ರಶ್ನೆಯು ಕ್ಷುಲ್ಲಕವಾದುದಲ್ಲ. ಆಸ್ಪತ್ರೆಗಳ ಬಾಗಿಲಲ್ಲಿ ನಡೆಯುವ ಜಗಳಗಳಲ್ಲಿ ಎಷ್ಟೋ ಇದರಿಂದಲೇ ಹುಟ್ಟುತ್ತವೆ. ವೈದ್ಯರ ಮೇಲೆಯೂ ದಾದಿಯರ ಮೇಲೆಯೂ ಕೈಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 2009 ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಪ್ರಾಣವನ್ನುಳಿಸುವ ಕೈಯನ್ನು ಕಾಯಿದೆಯಿಂದ ಕಾಯಬೇಕಾದ ಸ್ಥಿತಿ ಬಂದುದು ಸಮಾಜಕ್ಕೆ ಭೂಷಣವಲ್ಲ.

ಹೀಗೆ ರೋಗಿಗಳನ್ನು ವಿಂಗಡಿಸುವ ಕ್ರಮಕ್ಕೆ ಟ್ರಯಾಜ್ ಎಂದು ಹೆಸರು. ಇದು ಫ್ರೆಂಚ್ ಭಾಷೆಯ ಮಾತು. ಬೇರ್ಪಡಿಸುವುದು, ಆರಿಸುವುದು ಎಂದು ಅರ್ಥ. ನೆಪೋಲಿಯನ್ನನ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಜಾನ್ ಲಾರೆ (1766–1842) ಎಂಬಾತನು ಗಾಯಾಳುಗಳನ್ನು ರಣರಂಗದಿಂದ ಬೇಗನೆ ಹೊತ್ತು ತರಲು ಹಗುರವಾದ ಕುದುರೆಗಾಡಿಗಳನ್ನು ಏರ್ಪಡಿಸಿದನು. ಅದಕ್ಕಿಂತಲೂ ಹೆಚ್ಚಿನ ಅವನ ಕೆಲಸವೆಂದರೆ, ಚಿಕಿತ್ಸೆಯ ಕ್ರಮವನ್ನು ಪದವಿಯಿಂದ ಬಿಡಿಸಿದುದು. ಸೇನಾನಿಯ ಸಣ್ಣ ಗಾಯಕ್ಕಿಂತ ಸಾಮಾನ್ಯ ಸಿಪಾಯಿಯ ದೊಡ್ಡ ಗಾಯವು ಮುಂದು; ಶತ್ರುಪಕ್ಷದವನಾದರೂ ಅಷ್ಟೆ. ನಾವು ಯಾವುದನ್ನು ಭೇದವೆಂದು ಶಂಕಿಸುತ್ತಿದ್ದೇವೆಯೋ ಅದು ಹುಟ್ಟಿದುದು ಭೇದವನ್ನು ಮುರಿಯುವುದಕ್ಕಾಗಿ ಎಂಬುದನ್ನು ಗಮನಿಸಬೇಕು.

ಇಂದು ಈ ವಿಂಗಡಣೆಯನ್ನು ಬಹುಮಟ್ಟಿಗೆ ಬಾಗಿಲಲ್ಲಿ ನಿಂತ ದಾದಿಯೋ ಕಿರಿಯ ವೈದ್ಯನೋ ಮಾಡುತ್ತಾರೆ. ಉಸಿರು ಸರಾಗವಾಗಿದೆಯೇ, ನಾಡಿಯ ವೇಗವೆಷ್ಟು, ರಕ್ತದೊತ್ತಡ ಇಳಿದಿದೆಯೇ, ಕರೆದರೆ ಓಗೊಡುತ್ತಾನೆಯೇ, ಇವಿಷ್ಟನ್ನು ಕೆಲವೇ ನಿಮಿಷಗಳಲ್ಲಿ ನೋಡಿ ಕೆಂಪು, ಹಳದಿ, ಹಸಿರು ಎಂದು ಗುರುತು ಮಾಡುವರು. ಕೆಂಪೆಂದರೆ ಈ ಕ್ಷಣವೇ ಕೈಹಚ್ಚಬೇಕಾದವನು. ಆಯುರ್ವೇದದ ಆಚಾರ್ಯರು ಆತ್ಯಯಿಕವೆಂದು ಕರೆದುದು ಇಂಥ ಅವಸ್ಥೆಯನ್ನೇ. ಉಸಿರು ನಿಂತರೆ ನಾಲ್ಕಾರು ನಿಮಿಷಗಳಲ್ಲಿ ಮಿದುಳು ಕೆಡತೊಡಗುತ್ತದೆ. ಹೃದಯದ ರಕ್ತನಾಳ ಪೂರ್ತಿ ಮುಚ್ಚಿದವನಿಗೆ ಆಸ್ಪತ್ರೆ ಸೇರಿದ 90 ನಿಮಿಷಗಳೊಳಗೆ ಅದನ್ನು ತೆರೆಯಬೇಕೆನ್ನುತ್ತಾರೆ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದವನಿಗೆ, ಹೆಪ್ಪನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಟ್ಟರೆ ಫಲವುಂಟು. ಮುರಿದ ಕೈಯ ನೋವು ಸುಳ್ಳಲ್ಲ. ಆದರೆ ಆ ಕೈಯು ಎರಡು ಗಂಟೆ ತಡೆದೀತು, ಮುಚ್ಚಿದ ಹೃದಯವು ತಡೆಯದು. ನೋವಿನ ಕೂಗು ಅಪಾಯದ ಅಳತೆಗೋಲಲ್ಲವೆಂಬುದು ಆ ಬಾಗಿಲಲ್ಲಿ ನಿಂತವರು ಕಲಿಯುವ ಮೊದಲ ಪಾಠ.

ಈಗ ಶಂಕೆಗೆ ಬರೋಣ. ದಾಸೋಹದಲ್ಲಿ ಪಂಕ್ತಿಯು ಸಮವಾಗಿರುವುದಕ್ಕೆ ಕಾರಣವೇನು? ಅಲ್ಲಿ ಕುಳಿತವರ ಹಸಿವು ಹೆಚ್ಚುಕಡಿಮೆ ಒಂದೇ ಆಗಿರುವುದು. ಆ ಪಂಕ್ತಿಯಲ್ಲಿಯೇ ಹಸಿದು ಅಳುವ ಎಳೆಗೂಸಿಗೋ, ಬವಳಿಬಂದು ಬೀಳುವಂತಿರುವ ಮುದುಕನಿಗೋ ಬಡಿಸುವವನು ಒಂದು ತುತ್ತನ್ನು ಮುಂಚೆ ಕೊಟ್ಟರೆ, ಪಂಕ್ತಿಭೇದವಾಯಿತೆಂದು ಯಾರೂ ಎಲೆ ಬಿಟ್ಟು ಏಳುವುದಿಲ್ಲ. ಪಂಕ್ತಿಭೇದದ ದೋಷವಿರುವುದು ಹಿಂದುಮುಂದಿನಲ್ಲಲ್ಲ. ಯಾವ ಕಾರಣದಿಂದ ಹಿಂದುಮುಂದು ಮಾಡಿದರೆಂಬುದರಲ್ಲಿ. ಕುಲ, ಧನ, ಅಧಿಕಾರ, ಪರಿಚಯ ಇವುಗಳನ್ನು ನೋಡಿ ಮುಂದೆ ಕೂಡಿಸುವುದು ಭೇದ. ಅಗತ್ಯವನ್ನು ನೋಡಿ ಮುಂದೆ ಕೂಡಿಸುವುದು, ಎಲ್ಲರ ಪ್ರಾಣಕ್ಕೂ ಒಂದೇ ಬೆಲೆ ಕಟ್ಟಿದವನಿಂದ ಮಾತ್ರ ಆಗುವ ಕೆಲಸ.

ಹಾಗಾದರೆ ನಿಜವಾದ ಪಂಕ್ತಿಭೇದವನ್ನು ಅಲ್ಲಿ ಮಾಡುವವರು ಯಾರು? ಹೇಳಲು ಸಂಕೋಚವಾದರೂ ಹೇಳಲೇಬೇಕು: ಅನೇಕ ವೇಳೆ ನಾವೇ. ರೋಗಿಯನ್ನು ಒಳಗೆ ಬಿಡುವ ಮೊದಲೇ ಶಾಸಕರಿಗೆ ಫೋನು ಹೋಗುತ್ತದೆ. ಆಸ್ಪತ್ರೆಯ ಆಡಳಿತ ಮಂಡಲಿಯಲ್ಲಿ ಬೀಗರೊಬ್ಬರಿದ್ದರೆ ಅವರನ್ನು ಎಬ್ಬಿಸುತ್ತೇವೆ. ಮಠದ ಹೆಸರನ್ನು ಹೇಳಿ, ಇವರು ಶ್ರೀಗಳಿಗೆ ಬೇಕಾದವರು, ಮೊದಲು ನೋಡಿ ಎಂದು ಒತ್ತಾಯಿಸುವವರೂ ಇದ್ದಾರೆ. ಆ ಫೋನಿನಿಂದ ವೈದ್ಯನೊಬ್ಬನು ಕೆಂಪು ಗುರುತಿನವನ ಬಳಿಯಿಂದ ಐದು ನಿಮಿಷ ಎದ್ದು ಬಂದರೆ, ಆ ಐದು ನಿಮಿಷ ಯಾರ ಆಯುಷ್ಯದಿಂದ ಕಡಿದುದು? ತನ್ನ ಮನೆಯವರಿಗಾಗಿ ಕಂಗೆಡುವುದು ತಪ್ಪಲ್ಲ, ಅದು ಸಂಸಾರಧರ್ಮ. ಆದರೆ ಕೊರಳಲ್ಲಿ ಲಿಂಗವನ್ನು ಧರಿಸಿ, ನೆರೆಯ ಹಾಸಿಗೆಯವನ ದೇಹದಲ್ಲಿರುವ ಪ್ರಾಣಲಿಂಗವನ್ನು ಕಾಣದಿದ್ದರೆ ಆ ಧಾರಣೆಯ ಅರ್ಥವೇನೆಂದು ವಿಚಾರಿಸಬೇಕು.

ಇಷ್ಟಕ್ಕೆ ವಿಷಯ ಮುಗಿದಿದ್ದರೆ ಸುಲಭವಾಗಿತ್ತು. ಇದಕ್ಕಿಂತ ಕಠಿಣವಾದ ಸ್ಥಾನವೊಂದಿದೆ. ಒಂದೇ ಹಾಸಿಗೆ, ಇಬ್ಬರು ರೋಗಿಗಳು. 2021 ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೊರೋನಾ ರೋಗದ ಎರಡನೆಯ ಅಲೆ ಬಂದಾಗ ಆಮ್ಲಜನಕಕ್ಕೂ ಕೃತಕ ಉಸಿರಾಟದ ಯಂತ್ರಕ್ಕೂ ಬರಗಾಲ ಬಂದಿತು. ಆಗ ಪ್ರಶ್ನೆಯು ಮೊದಲು ಯಾರೆಂಬುದಾಗಿರದೆ ಯಾರನ್ನು ಬಿಡಬೇಕೆಂಬುದಾಯಿತು. ದೊಡ್ಡ ದುರಂತಗಳಲ್ಲಿ ಬಳಸುವ ಕಪ್ಪು ಗುರುತೊಂದಿದೆ. ಸತ್ತವನಿಗೂ, ಇರುವ ಸಾಧನಗಳಿಂದ ಉಳಿಯಲಾರನೆಂದು ತೋರಿದವನಿಗೂ ಅದನ್ನು ಕಟ್ಟುತ್ತಾರೆ. ಚರಕನೂ ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಪ್ರತ್ಯಾಖ್ಯೇಯವೆಂದು ನಾಲ್ಕಾಗಿ ವಿಂಗಡಿಸಿ, ಅಸಾಧ್ಯವಾದುದಕ್ಕೆ ಕೈಹಾಕಿದ ವೈದ್ಯನು ಧನವನ್ನೂ ಯಶಸ್ಸನ್ನೂ ಕಳೆದುಕೊಳ್ಳುವನೆಂದು ಎಚ್ಚರಿಸಿದ್ದಾನೆ. ಆದರೆ ಅಂದಿನ ವೈದ್ಯನು ರೋಗಿಯ ಮನೆಯಿಂದ ಹಿಂದಿರುಗಬಹುದಾಗಿತ್ತು. ಇಂದಿನ ತುರ್ತು ವಿಭಾಗದವನಿಗೆ ಆ ಬಾಗಿಲು ಮುಚ್ಚಿದೆ. ಸರಕಾರಿಯಾಗಲಿ ಖಾಸಗಿಯಾಗಲಿ, ಪೋಲೀಸರ ಕಾಗದಪತ್ರಗಳಿಗಾಗಿ ಕಾಯದೆ ಪ್ರಾಣರಕ್ಷಣೆ ಮಾಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1989 ರಲ್ಲಿಯೇ ವಿಧಿಸಿದೆ. ಬಂದವನನ್ನೆಲ್ಲ ಒಳಗೆ ಕರೆದು, ಕರೆದವರೊಳಗೆ ಆರಿಸುವ ಭಾರ ಅವನದು.

ಈ ಆಯ್ಕೆಯನ್ನು ಧರ್ಮವೆಂದು ಸುಲಭವಾಗಿ ಹೊಗಳಲು ನನಗೆ ಮನಸ್ಸಿಲ್ಲ. ಬಿಡಲ್ಪಟ್ಟವನ ತಾಯಿಗೆ ಯಾವ ಶಾಸ್ತ್ರವೂ ಸಮಾಧಾನ ಹೇಳಲಾರದು. ಆದರೂ ಇಷ್ಟನ್ನು ಹೇಳಬಹುದು: ಆಯ್ಕೆಯ ನಿಯಮವು ಮುಖವನ್ನು ನೋಡುವ ಮೊದಲೇ ನಿಶ್ಚಯವಾಗಿರಬೇಕು, ಸಾಧ್ಯವಿದ್ದಲ್ಲಿ ಒಬ್ಬನೇ ನಿರ್ಣಯಿಸಬಾರದು, ಯಂತ್ರ ದೊರೆಯದವನಿಗೆ ಸೇವೆ ತಪ್ಪಬಾರದು. ನೋವಿಗೆ ಔಷಧ, ಒಣಗಿದ ಬಾಯಿಗೆ ನೀರು, ಹಿಡಿದ ಕೈ, ಇವು ಕಪ್ಪು ಗುರುತಿನವನಿಗೂ ಸಲ್ಲಬೇಕು. ಇದನ್ನು ಮಾಡುವವರು ಹೆಚ್ಚಾಗಿ ದಾದಿಯರು. ವೈದ್ಯನ ಹೆಸರು ಮನೆಮಾತಾಗುತ್ತದೆ. ರಾತ್ರಿಯಿಡೀ ನಿಂತು ವಾಂತಿಯನ್ನೂ ರಕ್ತವನ್ನೂ ತೊಳೆದವಳ ಹೆಸರನ್ನು ಬಿಡುಗಡೆಯ ದಿನ ಎಷ್ಟು ಮಂದಿ ಕೇಳಿಕೊಳ್ಳುತ್ತಾರೆ? 2008 ರಿಂದ ನಮ್ಮ ನಾಡಿನಲ್ಲಿ ಓಡಾಡುತ್ತಿರುವ 108 ರ ಆಂಬುಲೆನ್ಸಿನ ಚಾಲಕನೂ ಅದರೊಳಗಿನ ಶುಶ್ರೂಷಕನೂ ಇದೇ ಸಾಲಿನವರು.

ಸಂಬಳಕ್ಕಾಗಿ ಮಾಡುವುದು ಕಾಯಕ ಹೇಗಾದೀತೆಂದು ಕೆಲವರು ಕೇಳುವರು. ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನು ವೈದ್ಯವೃತ್ತಿಯಿಂದಲೇ ಜೀವಿಸಿದವನು. ಆ ವೃತ್ತಿಯ ಮಾತುಗಳಲ್ಲಿಯೇ ಭವರೋಗವನ್ನು ಕುರಿತು ನುಡಿದವನು. ಕೂಲಿಯನ್ನು ಪಡೆಯುವುದು ಕಾಯಕಕ್ಕೆ ಕಳಂಕವಲ್ಲ. ಮಾರಯ್ಯನು ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ಬಲ್ಲವರು, ಬೇಡದ ಪರೀಕ್ಷೆಗಳನ್ನು ಬರೆದು ಲೆಕ್ಕ ಬೆಳೆಸುವ ಆಸ್ಪತ್ರೆಗಳಿಗೆ ಏನು ಹೇಳಬೇಕೆಂಬುದನ್ನೂ ಬಲ್ಲರು.

ರೋಗಿಯೊಡನೆ ಹೋಗುವ ಗೃಹಸ್ಥರಿಗೂ ಅಲ್ಲಿ ಒಂದು ಕೆಲಸವುಂಟು. ಬೇನೆ ಯಾವ ಹೊತ್ತಿಗೆ ಆರಂಭವಾಯಿತು, ಯಾವ ಔಷಧಗಳನ್ನು ನುಂಗುತ್ತಿದ್ದಾನೆ, ಸಕ್ಕರೆಯ ಕಾಯಿಲೆ ಉಂಟೋ ಇಲ್ಲವೋ ಎಂಬುದನ್ನು ಹೆಚ್ಚಿಸದೆ ಮುಚ್ಚಿಡದೆ ಹೇಳಬೇಕು. ಬೇಗ ನೋಡಲೆಂದು ಇಲ್ಲದ ಎದೆನೋವನ್ನು ಹುಟ್ಟಿಸಬಾರದು. ಹಸಿರು ಗುರುತು ಕಟ್ಟಿದ ಮಾತ್ರಕ್ಕೆ ಅದು ಕೊನೆಯ ತೀರ್ಮಾನವಲ್ಲ. ಕಾಯುತ್ತಿರುವಾಗಲೇ ರೋಗಿಯು ಬೆವರತೊಡಗಿದರೆ, ಮಾತು ತೊದಲಿದರೆ, ಮಂಪರು ಕವಿದರೆ, ಒಡನೆಯೇ ಎದ್ದು ದಾದಿಗೆ ತಿಳಿಸಬೇಕು. ಅವಳು ಮತ್ತೆ ನಾಡಿ ಹಿಡಿದು ನೋಡುವಳು, ಬೇಕಾದರೆ ಗುರುತನ್ನು ಬದಲಿಸುವಳು.