ಮಗುವಿನ ಕೈಗೆ ಬಂದೂಕು ಕೊಡುವ ಮುನ್ನ



ಕವಲಾಪುರ, ಸಾಂಗ್ಲಿ, ಮಿರಜದ ನಮ್ಮ ಕೆಲವು ಮನೆಗಳಲ್ಲಿ ಈಚೆಗೆ ಒಂದೇ ಪ್ರಶ್ನೆ ಕೇಳಿಬರುತ್ತಿದೆ. "ಫಾದರ್, ಮಗನನ್ನು ರೈಫಲ್ ತರಬೇತಿಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಕ್ರೈಸ್ತರಾದ ನಾವು ಹಾಗೆ ಮಾಡಬಹುದೇ?" ಕೇಳುವವರಲ್ಲಿ ಅರ್ಧ ಜನ ಉತ್ತರ ಬೇಕೆಂದೇ ಕೇಳುತ್ತಾರೆ. ಉಳಿದವರು ಶುಲ್ಕ ಕಟ್ಟಿ ಬಂದು, ಆಶೀರ್ವಾದವೊಂದೇ ಬಾಕಿ ಎಂಬಂತೆ ಕೇಳುತ್ತಾರೆ! ಇಬ್ಬರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಈ ಆಸೆ ಎಲ್ಲಿಂದ ಬಂತೆಂದು ನಿಮಗೆ ಗೊತ್ತು. 2024ರ ಆಗಸ್ಟ್ 1ರಂದು ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದರು. 1952ರಲ್ಲಿ ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರು ಹೆಲ್ಸಿಂಕಿಯಲ್ಲಿ ಕುಸ್ತಿಯ ಕಂಚು ತಂದ ಮೇಲೆ, 72 ವರ್ಷಗಳಿಗೆ ನಮ್ಮ ಈ ಸೀಮೆಗೆ ಅಂಥದೊಂದು ಪದಕ ಬಂತು. ಕೊಲ್ಹಾಪುರಕ್ಕೆ ಬಂದೂಕಿನ ಆಟ ಹೊಸದೂ ಅಲ್ಲ. 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್, 2018ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ರಾಹಿ ಸರ್ನೋಬತ್ ಇಬ್ಬರೂ ಅಲ್ಲಿಯವರೇ. ಸ್ವಪ್ನಿಲರ ತಂದೆ ಶಾಲಾ ಶಿಕ್ಷಕರು, ತಾಯಿ ಪದಕ ಬಂದಾಗ ಊರಿನ ಸರಪಂಚ್ ಆಗಿದ್ದರು. ಮಗನ ಗುಂಡುಗಳಿಗಾಗಿ ತಂದೆ ಸಾಲ ಮಾಡಿದ್ದರೆಂಬ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕನ ನೌಕರಿ ಮಾಡುತ್ತಲೇ ಅಭ್ಯಾಸ ಮಾಡಿದ ಆ ಹುಡುಗನಿಗೆ ಮೊದಲ ಒಲಿಂಪಿಕ್ಸ್ ಸಿಕ್ಕಿದ್ದು 28ರ ವಯಸ್ಸಿನಲ್ಲಿ. ರೈಲ್ವೆಯ ಅನ್ನ ಉಂಡ ಮಿರಜದ ಕುಟುಂಬಗಳಿಗೆ ಇದು ತಮ್ಮದೇ ಮನೆಯ ಹುಡುಗನ ಕಥೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಉತ್ತರ? ಗುರಿ ಇಡುವುದು ಪಾಪವಲ್ಲ. ಶ್ರೀಗ್ರಂಥವೇ ಇದಕ್ಕೆ ಸಾಕ್ಷಿ. ತಾಯಿಯೊಡನೆ ಅಡವಿಗೆ ಅಟ್ಟಲ್ಪಟ್ಟ ಇಷ್ಮಾಯೇಲನ ಸಂಗಡ ದೇವರಿದ್ದರು, ಅವನು ಬೆಳೆದು ಬಿಲ್ಲುಗಾರನಾದನು ಎಂದು ಆದಿಕಾಂಡ ಹೇಳುತ್ತದೆ. ನ್ಯಾಯಸ್ಥಾಪಕರ ಗ್ರಂಥದ 20ನೇ ಅಧ್ಯಾಯದಲ್ಲಿ ಬೆನ್ಯಾಮಿನ ಕುಲದ ಏಳುನೂರು ಮಂದಿ ಎಡಗೈಯವರು ಬರುತ್ತಾರೆ. ಕೂದಲೆಳೆಗೆ ಕವಣೆಕಲ್ಲು ಬೀಸಿದರೂ ಅವರ ಗುರಿ ತಪ್ಪುತ್ತಿರಲಿಲ್ಲವಂತೆ. ಅಲ್ಲಿ 'ತಪ್ಪುವುದು' ಎಂಬುದಕ್ಕೆ ಬಂದಿರುವ ಹೀಬ್ರೂ ಕ್ರಿಯಾಪದವೇ ಬೇರೆ ಕಡೆಗಳಲ್ಲಿ 'ಪಾಪ ಮಾಡುವುದು' ಎಂಬ ಅರ್ಥದಲ್ಲಿ ಬರುತ್ತದೆ. ಹೊಸ ಒಡಂಬಡಿಕೆಯಲ್ಲಿ ಪಾಪಕ್ಕೆ ಬಳಸಿದ ಗ್ರೀಕ್ ಪದ 'ಹಮಾರ್ತಿಯ'ದ ಮೂಲದಲ್ಲಿಯೂ ಇದೇ ಇದೆ: ಗುರಿ ತಪ್ಪುವುದು. ಪಾಪನಿವೇದನೆಗೆ ಬರುವಾಗ ಇದನ್ನು ನೆನೆದರೆ ಒಳ್ಳೆಯದು. ಎಷ್ಟೋ ಸಲ ನಮ್ಮಲ್ಲಿ ಬಲಕ್ಕೂ ಶ್ರಮಕ್ಕೂ ಕೊರತೆ ಇರುವುದಿಲ್ಲ. ಎಲ್ಲ ಬಲವನ್ನೂ ಹಾಕಿ ಬೇರೆಯೇ ಕಡೆಗೆ ಹೊಡೆದಿರುತ್ತೇವೆ.

ನಮ್ಮ ಸುತ್ತಣ ಮರಾಠಿಯಲ್ಲಿ ಗುರಿ ಹಿಡಿಯುವುದಕ್ಕೆ 'ನೇಮ್ ಧರಣೆ' ಎನ್ನುತ್ತಾರೆ. ನಮ್ಮ ಕನ್ನಡದಲ್ಲಿ ನೇಮವೆಂದರೆ ವ್ರತ, ನಿಯಮ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಸಿಗುವ ಇಂಥ ಲಾಭಗಳು ಎಷ್ಟೋ! ರೈಫಲ್ ತರಬೇತಿಯ ಅಂಗಳದಲ್ಲಿ ಈ ಎರಡು ಅರ್ಥಗಳೂ ಒಂದಾಗುತ್ತವೆ. 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಉಸಿರು ಬಿಗಿಯಾದರೆ, ಸಿಟ್ಟಿನಲ್ಲಿ ನಿಂತರೆ, ಪಕ್ಕದವನ ಅಂಕದ ಕಡೆ ಕಣ್ಣು ಹೋದರೆ ಅದು ತಪ್ಪುತ್ತದೆ. ಒಂದು ಗಳಿಗೆ ಸುಮ್ಮನೆ ಕೂರಲಾರದ, ಜಪಸರದ ಎರಡನೇ ರಹಸ್ಯಕ್ಕೇ ಆಕಳಿಸುವ ನಮ್ಮ ಮಕ್ಕಳು ಅಂಥ ಮೌನ ಕಲಿತರೆ ನನಗಂತೂ ಸಂತೋಷವೇ. ಇನ್ನೊಂದು ಮಾತು. ಪ್ಯಾರಿಸ್ ಸ್ಪರ್ಧೆಯಲ್ಲಿ ಸ್ವಪ್ನಿಲರಿಗಿಂತ ಒಂದು ಸ್ಥಾನ ಮುಂದಿದ್ದು ಬೆಳ್ಳಿ ಗೆದ್ದವರು ಉಕ್ರೇನಿನ ಸೆರ್ಹಿ ಕುಲಿಶ್. ಹಗಲಿರುಳು ಗುಂಡಿನ ಸದ್ದು ಕೇಳುತ್ತಿದ್ದ ದೇಶದ ಮನುಷ್ಯ ಆ ದಿನ ಕಾಗದದಷ್ಟು ನಿರುಪದ್ರವಿಯಾದ ಗುರಿಗೆ ಹೊಡೆದು, ಗೆದ್ದವನ ಕೈಕುಲುಕುವ ಜಾಗದಲ್ಲಿ ನಿಂತಿದ್ದರು.

ಹಾಗೆಂದು ಎಲ್ಲ ಬಂದೂಕೂ ಒಂದೇ ಅಲ್ಲ. ಜಾತ್ರೆ, ಉರುಸುಗಳಲ್ಲಿ ಬಲೂನು ಹೊಡೆಯುವ ಅಂಗಡಿಯಲ್ಲಿ ತಂದೆ ಹತ್ತು ರೂಪಾಯಿ ಕೊಟ್ಟು ಮಗಳ ಹೆಗಲಿಗೆ ಛರ್ರೆ ಬಂದೂಕು ಇಡುತ್ತಾನೆ, ಅವಳು ನಗುತ್ತಾಳೆ. ಅದು ಆಟ. ಖಂಡೇನವಮಿಗೆ ನೆರೆಮನೆಯವರು ಕುಡುಗೋಲು, ಟ್ರ್ಯಾಕ್ಟರುಗಳಿಗೆ ಹೂವಿಡುತ್ತಾರೆ. ಅದು ದುಡಿಮೆಗೆ ಸಲ್ಲಿಸುವ ಗೌರವ. ಮನೆಯ ಮೂಲೆಯಲ್ಲಿ ಮೊಬೈಲು ಹಿಡಿದು ರಾತ್ರಿಯೆಲ್ಲ ಮನುಷ್ಯರ ಆಕಾರಗಳನ್ನೇ ಉರುಳಿಸಿ, ಎಷ್ಟು ಜನ ಸತ್ತರೆಂದು ಎಣಿಸುವುದು ಬೇರೆಯೇ ಸಂಗತಿ. ಅಲ್ಲಿ ನೇಮವೂ ಇಲ್ಲ, ಮೌನವೂ ಇಲ್ಲ. ರೈಫಲ್ ತರಬೇತಿ ಬೇಡವೇ ಬೇಡ ಎನ್ನುವ ಎಷ್ಟೋ ತಂದೆಯರು ಈ ಆಟವನ್ನು ಕಂಡೂ ಕಾಣದಂತಿರುತ್ತಾರೆ.

"ಮಗ ಗಂಡಸಾಗಲಿ, ನಾಲ್ಕು ಜನ ಹೆದರಲಿ" ಎಂದು ಕರೆದೊಯ್ಯುವವರೂ ಇದ್ದಾರೆ. ಅವರಿಗೆ ನಾನು ಗೆತ್ಸೆಮನೆಯ ತೋಪನ್ನು ನೆನಪಿಸುತ್ತೇನೆ. ಪೇತ್ರನು ಕತ್ತಿ ಬೀಸಿದ್ದು ಗುರುವಿನ ಮೇಲಿನ ಪ್ರೀತಿಯಿಂದಲೇ. ತಗುಲಿದ್ದು ಮಾತ್ರ ಒಬ್ಬ ಸೇವಕನ ಕಿವಿಗೆ. ಯೇಸುಸ್ವಾಮಿ ಶಿಲುಬೆಯ ಹಾದಿ ಹಿಡಿಯುವ ಮೊದಲು ಮಾಡಿದ ಕೊನೆಯ ಸ್ವಸ್ಥತೆ ತಮ್ಮ ಶಿಷ್ಯನ ಆಯುಧ ಮಾಡಿದ ಗಾಯಕ್ಕೇ ಎಂದು ಸಂತ ಲೂಕರು ಬರೆಯುತ್ತಾರೆ. ಹೆದರಿಸುವುದಕ್ಕೆಂದು ಮಗನನ್ನು ಕರೆದೊಯ್ಯುವುದಾದರೆ, ದಯವಿಟ್ಟು ನನ್ನ ಆಶೀರ್ವಾದ ಕೇಳಬೇಡಿ.

ಇನ್ನು ಕನಸಿನ ವಿಷಯ. ಯೌವನದಲ್ಲಿ ಹುಟ್ಟಿದ ಮಕ್ಕಳನ್ನು 127ನೇ ಕೀರ್ತನೆ ಯೋಧನ ಕೈಯ ಬಾಣಗಳಿಗೆ ಹೋಲಿಸುತ್ತದೆ. ಬಾಣವನ್ನು ನೆಟ್ಟಗೆ ಮಾಡುವುದು, ಹದ ಮಾಡುವುದು ನಮ್ಮ ಕೆಲಸ. ಆದರೆ ಅದೇ ಕೀರ್ತನೆಯ ಆರಂಭವನ್ನೂ ಓದಿ: ದೇವರು ಕಟ್ಟದ ಮನೆಯನ್ನು ಕಟ್ಟುವವರ ಶ್ರಮ ವ್ಯರ್ಥ ಎನ್ನುತ್ತದೆ ಅದು. ಈ ಆಟಕ್ಕೆ ರೈಫಲ್, ದಪ್ಪ ಜಾಕೆಟ್, ಗುಂಡು ಎಂದು ಖರ್ಚು ದೊಡ್ಡದು. ಒಬ್ಬ ಶಿಕ್ಷಕರ ಸಾಲ ಫಲಿಸಿತೆಂದು ಎಲ್ಲರ ಸಾಲವೂ ಫಲಿಸುವುದಿಲ್ಲ. ಸಾಲದ ಕಂತು ಕಟ್ಟಲಾಗದ ಸಿಟ್ಟನ್ನು ಎಂಟು ಅಂಕ ತಂದ ಮಗನ ಮೇಲೆ ತೀರಿಸಿಕೊಳ್ಳುವ ಮನೆಯಲ್ಲಿ ಗುರಿ ತಪ್ಪಿದವನು ಮಗನಲ್ಲ. ಪದಕ ಬಾರದೆ ಮನೆಗೆ ಮರಳಿದ ಮಗುವಿಗೆ ಬಿಸಿ ರೊಟ್ಟಿ ಕೊಡುವ ಮನಸ್ಸಿದ್ದರೆ ಮಾತ್ರ ಹೊರಡಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಅಬ್ರಹಾಮನು ಮಗ ಇಸಾಕನನ್ನು ಬೆಟ್ಟಕ್ಕೆ ಕರೆದೊಯ್ದ ಕಥೆಯನ್ನು ಪಾಸ್ಕ ಜಾಗರಣೆಯ ರಾತ್ರಿ ಕೇಳುತ್ತೇವೆ. ಕಟ್ಟಿಗೆಯ ಹೊರೆಯನ್ನು ಅವನು ಮಗನ ಮೇಲೆ ಹೊರಿಸಿದ. ಬೆಂಕಿಯನ್ನೂ ಕತ್ತಿಯನ್ನೂ ತನ್ನ ಕೈಯಲ್ಲೇ ಹಿಡಿದುಕೊಂಡ. ಅಂಥ ದಿನವೂ ಆ ತಂದೆ ಸುಡುವುದನ್ನು, ಕೊಯ್ಯುವುದನ್ನು ಹುಡುಗನ ಕೈಗೆ ಕೊಡಲಿಲ್ಲ.

2014ರ ಆಗಸ್ಟ್ 25ರಂದು ಅಮೆರಿಕದ ಅರಿಜೋನಾದಲ್ಲಿ ಒಂದು ಕುಟುಂಬ ರಜೆಯ ಪ್ರವಾಸದಲ್ಲಿದ್ದಾಗ 9 ವರ್ಷದ ಮಗಳನ್ನು ಬಂದೂಕಿನ ಅಂಗಳಕ್ಕೆ ಕರೆದೊಯ್ದಿತು. ಅವಳ ಕೈಗೆ ಬಂದದ್ದು ಊಜಿ ಎಂಬ ಸೈನಿಕ ಬಂದೂಕು. ಮೊದಲು ಒಂದೊಂದೇ ಗುಂಡು. ಆಮೇಲೆ ಒತ್ತಿದಷ್ಟೂ ಹಾರುವಂತೆ ಬದಲಿಸಿದರು. ಹಿನ್ನೂಕಿನ ರಭಸಕ್ಕೆ ಎಳೆಯ ಕೈ ಸೋತು ನಳಿಗೆ ಮೇಲೆದ್ದಿತು. ಪಕ್ಕದಲ್ಲಿ ನಿಂತು ಕಲಿಸುತ್ತಿದ್ದ 39 ವರ್ಷದ ತರಬೇತುದಾರನ ತಲೆಗೆ ಗುಂಡು ತಗುಲಿ ಆತ ತೀರಿಕೊಂಡ. ಮನೆಯವರು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ಅವರೇನೂ ಕೆಟ್ಟವರಲ್ಲ, ಮಗಳಿಗೆ ಒಂದು ಖುಷಿಯ ದಿನ ಕೊಡಲೆಂದೇ ಹೋಗಿದ್ದರು. ರೊಟ್ಟಿ ಕೇಳಿದ ಮಗನಿಗೆ ಕಲ್ಲು ಕೊಡುವ ತಂದೆ ಯಾರಿದ್ದಾರೆ ಎಂದು ಸ್ವಾಮಿ ಕೇಳಿದರು. ತಿಳಿದು ಯಾರೂ ಕೊಡುವುದಿಲ್ಲ. ಕೊಡುತ್ತಿರುವುದು ಏನೆಂದು ನೋಡದೆ ಕೊಡುವವರು ಇದ್ದೇವೆ.

ನಮ್ಮ ದೇಶದ ಕಾನೂನು 21 ತುಂಬದವರಿಗೆ ಬಂದೂಕಿನ ಪರವಾನಗಿ ಕೊಡುವುದಿಲ್ಲ. ತರಬೇತಿಯ ದಾರಿ ಬೇರೆ, ಅದಕ್ಕೆ ತನ್ನದೇ ನಿಯಮಗಳಿವೆ. ಆದ್ದರಿಂದ ಹೋಗುವವರು ಸರಿಯಾದ ತರಬೇತುದಾರರಿರುವ ಜಾಗಕ್ಕೇ ಹೋಗಿ, ಏರ್ ರೈಫಲ್‌ನಿಂದಲೇ ಆರಂಭಿಸಿ. ಮೊದಲ ದಿನ ಮಗುವನ್ನು ಬಾಗಿಲಲ್ಲಿ ಇಳಿಸಿ ಬೈಕು ತಿರುಗಿಸಬೇಡಿ, ಒಳಗೆ ಕುಳಿತು ನೋಡಿ. ನಳಿಗೆಯನ್ನು ಎತ್ತ ಹಿಡಿಯಬೇಕು, ಬೆರಳು ಎಲ್ಲಿರಬೇಕು ಎಂಬುದನ್ನು ಗುಂಡು ಕೊಡುವ ಮೊದಲೇ ಕಲಿಸುತ್ತಾರೋ ಇಲ್ಲವೋ ಗಮನಿಸಿ. ಕಲಿಸದಿದ್ದರೆ ಕಟ್ಟಿದ ಹಣ ಹೋದರೆ ಹೋಗಲಿ, ಮಗುವಿನ ಕೈ ಹಿಡಿದು ಹೊರಗೆ ಬನ್ನಿ. ಭಾನುವಾರ ಬೆಳಿಗ್ಗೆಯೇ ತರಬೇತಿ ಇಟ್ಟರೆ ಶನಿವಾರ ಸಂಜೆಯ ಪೂಜೆಗೆ ಬರಬಹುದು. ಅದು ಯಾವ ಭಾಷೆಯಲ್ಲಿದ್ದರೂ ಪರಮಪ್ರಸಾದ ಅದೇ.

ಅರಿಜೋನಾದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸತ್ತ ತರಬೇತುದಾರನಿಗೆ ನಾಲ್ಕು ಮಕ್ಕಳಿದ್ದರು. ಕೆಲವು ತಿಂಗಳ ನಂತರ ಅವರು, ತಮ್ಮ ತಂದೆಯನ್ನು ಕೊಂದ ಗುಂಡು ಯಾರ ಕೈಯಿಂದ ಹಾರಿತ್ತೋ ಆ ಹುಡುಗಿಗೇ ಪತ್ರ ಬರೆದು, ಕ್ಯಾಮೆರಾ ಮುಂದೆ ಓದಿದರು. ಅವಳ ಮೇಲೆ ತಮಗೆ ಸಿಟ್ಟಿಲ್ಲ, ಅವಳ ಬಗ್ಗೆ ಯೋಚಿಸುತ್ತಿರುತ್ತೇವೆ ಎಂಬುದು ಅದರ ತಾತ್ಪರ್ಯ. ಆ ಹುಡುಗಿಯ ಹೆಸರು ಹೊರಗೆ ಬರಲಿಲ್ಲ. ಈಗ ಅವಳು ಬೆಳೆದು ದೊಡ್ಡವಳಾಗಿರಬೇಕು. ಬರುವ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಅವಳಿಗಾಗಿ, ಆ ನಾಲ್ವರಿಗಾಗಿ ಪ್ರಾರ್ಥಿಸೋಣ. ಕನ್ನಡದಲ್ಲಿ ಆ ಕೋರಿಕೆಯನ್ನು ಓದಲು ಒಂದು ಮಗು ಬೇಕು. ಇಷ್ಟವಿದ್ದ ತಂದೆತಾಯಂದಿರು ಶುಕ್ರವಾರದೊಳಗೆ ತಿಳಿಸಿ.