ನಾಯಿ ಯಾರದು?

ಸಾಗರದ ಕಡೆಯ ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ದಣಪೆಯ ಹೊರಗೇ ನಿಂತು ‘ನಾಯಿ ಕಟ್ಟಿದ್ರಾ?’ ಎಂದು ಕೂಗುವುದು ವಾಡಿಕೆ. ‘ಬನ್ನಿ ಬನ್ನಿ, ಅದೇನೂ ಮಾಡಲ್ಲ’ ಎಂದು ಒಳಗಿನಿಂದ ಉತ್ತರ ಬರುತ್ತದೆ. ಆ ಮಾತನ್ನು ಪೂರ್ತಿ ನಂಬಿ ಒಳಗೆ ಕಾಲಿಟ್ಟವರನ್ನು ನಾನಂತೂ ಕಂಡಿಲ್ಲ. ಆದರೆ ಕೂಗಿದರೆ ಓಗೊಡಲು ಒಂದು ಮನೆ ಇತ್ತು. ಕಚ್ಚಿದರೆ ಹೋಗಿ ಜಗಳವಾಡಲು ಒಂದು ಜಗಲಿ ಇತ್ತು.

ಹೈದರಾಬಾದಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಿಂದ ಪಾರ್ಕಿಗೆ ಐದು ನಿಮಿಷದ ದಾರಿ. ಅಷ್ಟರಲ್ಲಿ ಹನ್ನೊಂದು ನಾಯಿಗಳು. ಎಂಟು ವರ್ಷದ ಮಗಳನ್ನೂ ನಾಲ್ಕು ವರ್ಷದ ಮಗನನ್ನೂ ಕರೆದುಕೊಂಡು ಸಂಜೆ ಹೊರಟರೆ ಎಂಟು ಮಲಗಿಯೇ ಇರುತ್ತವೆ, ಮೂರು ಎದ್ದು ಬರುತ್ತವೆ. ಇಲ್ಲಿ ಯಾರ ಮನೆಯತ್ತ ಮುಖ ಮಾಡಿ ಕೂಗಬೇಕು?

ಉತ್ತರ ಬರುವುದೇ ಇಲ್ಲವೆಂದಲ್ಲ. ಪಕ್ಕದ ಬ್ಲಾಕಿನಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ದಿನಾ ಸಂಜೆ ಅನ್ನಕ್ಕೆ ಕೋಳಿಯ ಚೂರು ಬೆರೆಸಿ ತಂದು ಪಾರ್ಕಿನ ತಿರುವಿನಲ್ಲಿ ಹಾಕುತ್ತಾರೆ. ‘ಅವೇಮೀ ಚೆಯ್ಯವು ಬಾಬೂ’ ಅನ್ನುತ್ತಾರೆ. ಏನೂ ಮಾಡಲ್ಲ ಅಂತ. ನಮ್ಮೂರಿನದೇ ಮಾತು, ಭಾಷೆ ಮಾತ್ರ ಬೇರೆ. ‘ಹಾಗಾದರೆ ಇವು ನಿಮ್ಮವಾ ಅಮ್ಮಾ?’ ಎಂದು ಒಮ್ಮೆ ಕೇಳಿದೆ. ‘ನನ್ನವು ಹೇಗಾಗುತ್ತವೆ? ದೇವರವು’ ಎಂದರು. ದೇವರ ಹೆಸರಿಗೆ ಬರೆದ ಆಸ್ತಿಯನ್ನು ಯಾರೂ ನೋಡಿಕೊಳ್ಳುವುದಿಲ್ಲ ಎಂಬುದು ಮುಜರಾಯಿ ದೇವಸ್ಥಾನಗಳನ್ನು ಕಂಡ ನಮಗೆ ಹೊಸತಲ್ಲ.

ಅವರನ್ನು ಹಾಸ್ಯ ಮಾಡುವ ಉದ್ದೇಶ ನನಗಿಲ್ಲ. ಗಾಯದಲ್ಲಿ ಹುಳವಾಗಿದ್ದ ಒಂದು ನಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋದವರು ಇಡೀ ಕಾಲೊನಿಯಲ್ಲಿ ಅವರೊಬ್ಬರೇ. ನನಗೆ ಆ ನಾಯಿಯನ್ನು ಮುಟ್ಟಲೂ ಆಗುತ್ತಿರಲಿಲ್ಲ.

ನಮ್ಮ ಕಸುಬಿನಲ್ಲಿ ಪ್ರತಿ ಪ್ರಾಜೆಕ್ಟಿಗೂ ಒಂದು ರಿಸ್ಕ್ ರಿಜಿಸ್ಟರ್ ಇರುತ್ತದೆ. ಏನು ಕೆಡಬಹುದು, ಕೆಡುವ ಸಾಧ್ಯತೆ ಎಷ್ಟು, ಕೆಟ್ಟರೆ ನಷ್ಟವೆಷ್ಟು, ಇದನ್ನೆಲ್ಲ ತುಂಬಿದ ಮೇಲೆ ಓನರ್ ಎಂಬ ಒಂದು ಕಾಲಂ. ಅಲ್ಲಿ ‘ಟೀಮ್’ ಎಂದು ಬರೆದರೆ ಯಾರೂ ಇಲ್ಲ ಎಂದೇ ಅರ್ಥ. ಇಪ್ಪತ್ತು ವರ್ಷದಲ್ಲಿ ಕಲಿತ ಗಟ್ಟಿ ಪಾಠ ಇದೊಂದೇ ಇರಬೇಕು. ರಿಸ್ಕನ್ನು ತಗ್ಗಿಸಬಹುದು, ಒಪ್ಪಿಕೊಂಡು ಸುಮ್ಮನಿರಬಹುದು, ಇಲ್ಲವೇ ಬೇರೆಯವರಿಗೆ ದಾಟಿಸಬಹುದು. ದಾಟಿಸುವುದಾದರೆ ಆ ಬೇರೆಯವರ ಸಹಿ ಬೇಕು. ಅನ್ನ ಹಾಕಿದ ಪುಣ್ಯ ಅಮ್ಮನ ಖಾತೆಗೆ, ರಿಸ್ಕ್ ನನ್ನ ಮಗನ ಖಾತೆಗೆ ಹೋಗುತ್ತಿದೆ. ಮಗ ಎಲ್ಲೂ ಸಹಿ ಹಾಕಿಲ್ಲ.

ಈ ವಾದವನ್ನು ಸೊಸೈಟಿ ಮೀಟಿಂಗಿನಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಬಿದ್ದಿತು ಕೂಡ. ಕಷ್ಟ ಶುರುವಾಗುವುದು ಆಮೇಲೆ. ‘ವ್ಯಾನ್ ಮಾಡಿ ಔಟರ್ ರಿಂಗ್ ರೋಡಿನ ಆಚೆ ಬಿಟ್ಟು ಬರೋಣ, ತಲೆಗೆ ಇಷ್ಟು ಅಂತ ಹಾಕಿದರೆ ಆಯ್ತು’ ಎಂದರು ಒಬ್ಬರು. ರಿಂಗ್ ರೋಡಿನ ಆಚೆ ಬಯಲಿಲ್ಲ. ಅಲ್ಲಿ ಕಟ್ಟಡಗಳು ಏಳುತ್ತಿವೆ, ಅವುಗಳ ಪಕ್ಕದಲ್ಲಿ ತಗಡಿನ ಶೆಡ್ಡುಗಳಿವೆ, ಶೆಡ್ಡುಗಳಲ್ಲಿ ನನ್ನ ಮಗನ ವಯಸ್ಸಿನ ಮಕ್ಕಳಿದ್ದಾರೆ. ನಮ್ಮ ಮಕ್ಕಳಿಗಾದರೂ ಗೇಟಿದೆ. 2023ರ ಫೆಬ್ರವರಿಯಲ್ಲಿ ಇದೇ ನಗರದ ಅಂಬರ್‌ಪೇಟೆಯಲ್ಲಿ ಬೀದಿನಾಯಿಗಳ ಗುಂಪಿಗೆ ಸಿಕ್ಕಿ ಸತ್ತ ನಾಲ್ಕು ವರ್ಷದ ಹುಡುಗ ಒಬ್ಬ ಸೆಕ್ಯುರಿಟಿ ಗಾರ್ಡಿನ ಮಗ. ಅಪ್ಪ ಕೆಲಸದ ಜಾಗಕ್ಕೆ ಕರೆದುಕೊಂಡು ಬಂದಿದ್ದ. ಆ ಸಿಸಿಟಿವಿ ದೃಶ್ಯವನ್ನು ನೋಡಿದವರು ಮರೆತಿರಲಾರರು. ನಾನು ಅರ್ಧಕ್ಕೇ ನಿಲ್ಲಿಸಿದೆ.

ಹಾಗಾದರೆ ಅಮ್ಮನಿಗೂ ವ್ಯಾನಿನವರಿಗೂ ಏನು ವ್ಯತ್ಯಾಸ? ಒಬ್ಬರು ದಯೆಯ ಖರ್ಚನ್ನು ಬೇರೆ ಮಕ್ಕಳ ಮೇಲೆ ಹಾಕುತ್ತಾರೆ, ಇನ್ನೊಬ್ಬರು ನೆಮ್ಮದಿಯ ಖರ್ಚನ್ನು. ಲೆಕ್ಕಕ್ಕೆ ಇಬ್ಬರೂ ಒಂದೇ. ಅಮ್ಮ ಅಷ್ಟಾದರೂ ಅನ್ನ ಹಾಕುತ್ತಾರೆ.

ವಿಷ ಹಾಕುವ ಮಾತನ್ನೂ ಒಬ್ಬರು ಆಡಿದರು, ತಮಾಷೆಗೆಂಬಂತೆ. ಸ್ವರ್ಗದ ಬಾಗಿಲಲ್ಲಿ ಧರ್ಮರಾಯನ ಜೊತೆ ನಿಂತ ನಾಯಿಯನ್ನು ಇಂಥ ಚರ್ಚೆಯಲ್ಲಿ ಯಾರಾದರೂ ಎಳೆದು ತಂದೇ ತರುತ್ತಾರೆ. ನನಗೆ ನೆನಪಾಗುವುದು ಮಹಾಭಾರತದ ಶುರುವಿನಲ್ಲೇ ಬರುವ ಇನ್ನೊಂದು ನಾಯಿ. ಜನಮೇಜಯನ ಯಾಗದ ಹತ್ತಿರ ಬಂದ ಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಅಳುತ್ತ ಬಂದ ಮರಿಯನ್ನು ತಾಯಿ ಸರಮೆ ಕೇಳುತ್ತಾಳೆ, ನೀನು ಏನಾದರೂ ತಪ್ಪು ಮಾಡಿರಬೇಕಲ್ಲ? ಹವಿಸ್ಸನ್ನು ನೆಕ್ಕಿಲ್ಲ, ನೋಡಲೂ ಇಲ್ಲ ಎನ್ನುತ್ತದೆ ಮರಿ. ಆಮೇಲೆ ಹೋಗಿ ಶಾಪ ಕೊಡುತ್ತಾಳೆ. ನಾಯಿಗಳೆಲ್ಲ ಸಾಧು ಎಂದು ಸರಮೆ ವಾದಿಸುವುದಿಲ್ಲ. ಈ ಮರಿ ಏನು ಮಾಡಿತು ಎಂದಷ್ಟೇ ಕೇಳುತ್ತಾಳೆ. ಮಲಗಿರುವ ಎಂಟಕ್ಕೂ ಎದ್ದು ಬರುವ ಮೂರಕ್ಕೂ ಒಂದೇ ಶಿಕ್ಷೆ ವಿಧಿಸುವವರಿಗೆ ಆ ಪ್ರಶ್ನೆಗೆ ಉತ್ತರವಿಲ್ಲ. ಎದ್ದು ಬರುವ ಮೂರನ್ನೂ ಮಲಗಿರುವ ಎಂಟರ ಹೆಸರಿನಲ್ಲಿ ಕಾಪಾಡುವವರಿಗೂ ಇಲ್ಲ.

ಕಾನೂನು ಹೆಚ್ಚು ಕಡಿಮೆ ಇದೇ ಗೆರೆಯ ಹತ್ತಿರ ಬಂದು ನಿಂತಿದೆ. ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಅದೇ ಜಾಗಕ್ಕೆ ಬಿಡಬೇಕೆಂಬ ನಿಯಮ 2001ರಿಂದ ಇದೆ. 2023ರ ಹೊಸ ನಿಯಮಗಳು ಊಟ ಹಾಕುವ ಜಾಗ ಮಕ್ಕಳ ಆಟದ ಸ್ಥಳದಿಂದ ದೂರವಿರಬೇಕು, ಮಕ್ಕಳು ಮುದುಕರು ಓಡಾಡದ ಹೊತ್ತು ನೋಡಿ ಹಾಕಬೇಕು ಎನ್ನುತ್ತವೆ. ಜಾಗ ಗೊತ್ತುಮಾಡುವ ಕೆಲಸ ನಿವಾಸಿಗಳ ಸಂಘದ್ದು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಸೇರಿಸಿ ಎಂದಿತು. 22ರಂದು ಮೂವರ ಪೀಠ ಅದನ್ನು ಬದಲಿಸಿತು: ಲಸಿಕೆ ಹಾಕಿ ಅಲ್ಲೇ ಬಿಡಿ, ರೇಬಿಸ್ ತಗುಲಿದ್ದನ್ನೂ ಮೇಲೆರಗುವ ಸ್ವಭಾವದ್ದನ್ನೂ ಬಿಡಬೇಡಿ. ಹನ್ನೊಂದು ದಿನದಲ್ಲಿ ಸರಮೆಯ ಪ್ರಶ್ನೆಗೆ ಬಂದು ತಲುಪಿದರು.

ಆದರೆ ಪೀಠಗಳು ಯೋಚಿಸುವಷ್ಟು ಹೊತ್ತು ಸಂಜೆಯ ರಸ್ತೆಯಲ್ಲಿ ಇರುವುದಿಲ್ಲ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನನ್ನ ಮಕ್ಕಳಿಗೆ ನಾನು ಕಲಿಸಿಲ್ಲ, ನೀವೂ ಕಲಿಸಬೇಡಿ. ಕಲಿಸಿದ್ದು ಮರವಾಗುವುದನ್ನು. ನಾಯಿ ಓಡಿಬಂದರೆ ನಾವು ಓಡುವುದಿಲ್ಲ, ಕಿರುಚುವುದಿಲ್ಲ. ಕೈ ಮೈಗೆ ಒತ್ತಿಕೊಂಡು, ಅದರ ಕಣ್ಣು ನೋಡದೆ, ನಮ್ಮ ಚಪ್ಪಲಿ ನೋಡುತ್ತ ನಿಲ್ಲುತ್ತೇವೆ. ಮಗ ನನ್ನ ಬೆನ್ನ ಹಿಂದೆ. ನನ್ನ ಕೈಯಲ್ಲಿ ಉದ್ದನೆಯ ಕೊಡೆ, ಮಳೆಗಾಲವಿರಲಿ ಬಿಡಲಿ. ಅದನ್ನು ಅಡ್ಡ ಹಿಡಿಯಲಿಕ್ಕೆ ಮಾತ್ರ; ಮೈಮೇಲೆ ಬಂದರೆ ಬೀಸಲಿಕ್ಕೂ ಹೌದು, ಅದರಲ್ಲಿ ನನಗೆ ಯಾವ ಧರ್ಮಸಂಕಟವೂ ಇಲ್ಲ. ಮಲಗಿದ್ದಕ್ಕೆ ಕಲ್ಲೆಸೆಯುವುದು ಮಾತ್ರ ನಮ್ಮ ಮನೆಯಲ್ಲಿ ನಿಷಿದ್ಧ.

‘ಓಡಿ ಬಂದಿದ್ದು ಅದು, ತಪ್ಪು ಅದರದ್ದು. ನಾವ್ಯಾಕಪ್ಪಾ ಮರ ಆಗ್ಬೇಕು?’ ಎಂದು ಮಗಳು ಕೇಳಿದ್ದಳು. ತಪ್ಪು ಎಂಬ ಪದ ನಾಯಿಗೆ ಅಂಟುವುದಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ಚಿಕನ್ ಅಂಗಡಿಯ ಕಸ ಬೀದಿಗೆ ಸುರಿಯುವುದು, ಲಸಿಕೆ ಹಾಕದಿರುವುದು, ಮರಿಗಳ ಹತ್ತಿರ ಮಕ್ಕಳನ್ನು ಬಿಡುವುದು, ಇವೆಲ್ಲ ತಪ್ಪುಗಳು. ಮಾಡುವವರು ಎರಡು ಕಾಲಿನವರು. ‘ಮರ ಆದ್ರೆ ಅದಕ್ಕೆ ಬೋರಾಗಿ ಹೋಗತ್ತೆ’ ಎಂದೆ. ಅಷ್ಟು ಸಾಕಾಯಿತು.

ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ನಿಮ್ಮಲ್ಲೂ ಹಲವರು ಸಣ್ಣ ಮಕ್ಕಳಿರುವವರು. ಸಾಧ್ಯತೆ ಕಡಿಮೆ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ವಿರಳ. ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ಮುಖಕ್ಕೇ ಎಟುಕುತ್ತದೆ. ಜೊತೆಗೆ, ಬೈಗುಳಕ್ಕೆ ಹೆದರಿ ಮಕ್ಕಳು ಸಣ್ಣ ಪರಚುಗಾಯವನ್ನು ಮುಚ್ಚಿಡುತ್ತಾರೆ. ಆದ್ದರಿಂದ ನಮ್ಮ ಮನೆಯ ಕರಾರು ಇಷ್ಟು: ನಾಯಿ ಮುಟ್ಟಿದರೆ ಹೇಳಬೇಕು, ಹೇಳಿದರೆ ಯಾರೂ ಬೈಯುವುದಿಲ್ಲ. ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯುವುದು, ಅದೇ ದಿನ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್. ಅರಿಶಿನ, ಸುಣ್ಣ ಏನೂ ಇಲ್ಲ.

ಓನರ್ ಕಾಲಂ ತುಂಬಲು ನಾನು ಒಂದು ಪ್ರಸ್ತಾಪ ಇಟ್ಟೆ. ಊಟದ ಜಾಗ ಹಿಂದಿನ ಕಾಂಪೌಂಡಿಗೆ, ಹೊತ್ತು ರಾತ್ರಿ ಹತ್ತಕ್ಕೆ. ಲಸಿಕೆಯ ಖರ್ಚಿಗೆ ಮನೆಗೆ ತಿಂಗಳಿಗೆ ಐವತ್ತು ರೂಪಾಯಿ. ಇನ್ನೂರಕ್ಕೂ ಮೇಲ್ಪಟ್ಟ ಮನೆಗಳಲ್ಲಿ ಹತ್ತೊಂಬತ್ತು ಒಪ್ಪಿದವು. ನಾಯಿಪ್ರಿಯರೆಂದು ವಾಟ್ಸಾಪಿನಲ್ಲಿ ಗುಡುಗಿದವರೂ ಇಲ್ಲ, ವ್ಯಾನಿನವರೂ ಇಲ್ಲ. ಅಮ್ಮ ಆರು ತಿಂಗಳದ್ದು ಒಟ್ಟಿಗೇ ಕೊಟ್ಟರು. ಹತ್ತು ಗಂಟೆಯವರೆಗೆ ಎಚ್ಚರವಿರುವುದು ತಮ್ಮ ವಯಸ್ಸಿಗೆ ಕಷ್ಟ ಎಂದು ಗೊಣಗಿದರು, ಆದರೂ ಒಪ್ಪಿದರು.

ನಗರಪಾಲಿಕೆಯ ವ್ಯಾನು ಎರಡು ಸಲ ಬಂದು ಹೋಗಿದೆ. ಎದ್ದು ಬರುತ್ತಿದ್ದ ಮೂರರಲ್ಲಿ ಒಂದು ವಾಪಸು ಬಂದಿಲ್ಲ. ಚಿಕಿತ್ಸೆಯಾದವಕ್ಕೆ ಕಿವಿಯ ತುದಿ ಕತ್ತರಿಸಿರುತ್ತಾರೆ. ದಾರಿಯಲ್ಲಿ ಅಂಥ ಕಿವಿಗಳನ್ನು ಎಣಿಸುವುದು ಮಗನ ಕೆಲಸ; ‘ಕುಕ್ಕ’ ಎಂದು ತೆಲುಗಿನಲ್ಲಿ ಶುರುಮಾಡಿ ಲೆಕ್ಕವನ್ನು ಕನ್ನಡದಲ್ಲಿ ಮುಗಿಸುತ್ತಾನೆ. ಈವರೆಗೆ ಏಳಾಗಿದೆ. ಬಾಕಿ ಇರುವವುಗಳಲ್ಲಿ ಕಂದು ಬಣ್ಣದ್ದೊಂದು ಟ್ರಾನ್ಸ್‌ಫಾರ್ಮರ್ ಪಕ್ಕ ಮರಿ ಹಾಕಿದೆ. ಮರಿಗಳು ಮೊಲೆ ಬಿಡುವ ತನಕ ಅದನ್ನು ಹಿಡಿಯುವಂತಿಲ್ಲ. ಸದ್ಯಕ್ಕೆ ಆ ಮೂಲೆ ಬಿಟ್ಟು ಹಿಂದಿನ ರಸ್ತೆಯಿಂದ ಸುತ್ತಿಕೊಂಡು ಪಾರ್ಕಿಗೆ ಹೋಗುತ್ತಿದ್ದೇವೆ, ಹನ್ನೆರಡು ನಿಮಿಷ ಹಿಡಿಯುತ್ತದೆ.